512 ಎಂಬ ವಿನಯ

ಕಂಪ್ಯೂಟರಿನೊಳಗೆ ವಾಸಿಸುವ ಪ್ರಾಣಿಗಳಲ್ಲಿ ಹಾರ್ಡ್ ಡಿಸ್ಕಿನಷ್ಟು ವಿನಯವಂತ ಪ್ರಾಣಿ ಇನ್ನೊಂದಿಲ್ಲ. ಪ್ರೊಸೆಸರು ತನ್ನ ವೇಗವನ್ನು ಡಬ್ಬದ ಮೇಲೇ ಬರೆಸಿಕೊಂಡು ಬರುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಮೈತುಂಬ ಬಣ್ಣದ ದೀಪ ಬೇಕು. ಡಿಸ್ಕು ಮಾತ್ರ, "ನಿನ್ನ ಸೆಕ್ಟರ್ ಎಷ್ಟು ದೊಡ್ಡದಪ್ಪಾ?" ಎಂದು ಕೇಳಿದರೆ ತಲೆ ತಗ್ಗಿಸಿ "512 ಬೈಟ್, ಸ್ವಾಮೀ" ಎನ್ನುತ್ತದೆ. ಹೊಟ್ಟೆಯೊಳಗೆ ಇರುವುದು 4096. ಇದ್ದದ್ದನ್ನು ಎಂಟರಲ್ಲಿ ಒಂದು ಪಾಲು ಮಾಡಿ ಹೇಳಿಕೊಳ್ಳುವ ಈ ಗುಣ, ಆದಾಯ ತೆರಿಗೆ ತುಂಬುವ ತಿಂಗಳೊಂದನ್ನು ಬಿಟ್ಟರೆ, ಮನುಷ್ಯರಲ್ಲಿ ಕಾಣಸಿಗುವುದಿಲ್ಲ.

ಸುಳ್ಳೇನೋ ಹೌದು, ಆದರೆ ಸಂಸಾರ ಉಳಿಸುವ ಸುಳ್ಳು. ಪಿಸಿಗಳು ಹುಟ್ಟಿದ ಕಾಲದಿಂದ ಸೆಕ್ಟರ್ ಎಂದರೆ 512 ಬೈಟ್ ಎಂದೇ ನಡೆದುಕೊಂಡು ಬಂದಿತ್ತು. ಪ್ರತಿ ಸೆಕ್ಟರಿನ ಬಾಲಕ್ಕೂ ತಪ್ಪು ತಿದ್ದುವ ಸಂಕೇತಕ್ಕೆಂದು 50 ಬೈಟ್‌ನಷ್ಟು ಜಾಗ ಹೋಗುತ್ತಿತ್ತು. ಎಂಟು ಸೆಕ್ಟರಿಗೆ 400 ಬೈಟ್. ಎಂಟನ್ನೂ ಕೂಡಿಸಿ ಒಂದೇ ಸೆಕ್ಟರ್ ಮಾಡಿಬಿಟ್ಟರೆ 100 ಬೈಟ್‌ನಲ್ಲಿ ಕೆಲಸ ಮುಗಿಯುತ್ತದೆ, ತಿದ್ದುವ ಶಕ್ತಿಯೂ ಹೆಚ್ಚುತ್ತದೆ. ತಯಾರಕರೆಲ್ಲ ಸೇರಿ 2011ರ ಜನವರಿಯ ಹೊತ್ತಿಗೆ ಹೊಸ ಅಳತೆಗೆ ಬರೋಣವೆಂದು ಒಪ್ಪಿಕೊಂಡು, ಅದಕ್ಕೆ ಅಡ್ವಾನ್ಸ್‌ಡ್ ಫಾರ್ಮ್ಯಾಟ್ ಎಂದು ನಾಮಕರಣವನ್ನೂ ಮಾಡಿದರು. ಆದರೆ ಲೋಕದ ತುಂಬ ಆಗ 512 ಬಿಟ್ಟು ಇನ್ನೊಂದು ಅಂಕಿ ಕೇಳಿರದ ವಿಂಡೋಸ್ ಎಕ್ಸ್‌ಪಿ ಕೂತಿತ್ತು. ಹಿರಿಯರ ಮನಸ್ಸು ನೋಯಿಸಬಾರದೆಂದು ಡಿಸ್ಕುಗಳು ಒಳಗೆ 4096 ಇಟ್ಟುಕೊಂಡು ಹೊರಗೆ 512 ಎನ್ನತೊಡಗಿದವು.

ಎಕ್ಸ್‌ಪಿ ಅಜ್ಜನಿಗೆ ಇನ್ನೊಂದು ಚಟವಿತ್ತು. ಮೊದಲ ಪಾರ್ಟಿಶನ್ನನ್ನು ಅದು 63ನೇ ಸೆಕ್ಟರಿನಿಂದಲೇ ಶುರುಮಾಡುವುದು. ಒಂದು ಟ್ರ್ಯಾಕಿಗೆ 63 ಸೆಕ್ಟರ್ ಎಂದು ಎಣಿಸುತ್ತಿದ್ದ ಕಾಲದ ಪಳೆಯುಳಿಕೆ ಅದು. 63 ಎಂಟರಿಂದ ಭಾಗವಾಗುವುದಿಲ್ಲ ಎಂಬುದು ಎರಡನೇ ಇಯತ್ತೆಯ ಲೆಕ್ಕ. ಆ ಲೆಕ್ಕ ತಪ್ಪಿದರೆ ಆಗುವ ಫಜೀತಿಯನ್ನು ನೋಡಬೇಕಾದರೆ ಅಂಕೋಲೆಯ ಮೀನುಪೇಟೆಗೆ ಬರಬೇಕು. ಅಲ್ಲಿ ಎಂಟೆಂಟು ಬಂಗುಡೆಯ ಪಾಲು ಹಚ್ಚಿ ಕೂತ ಬಾಯಿಯ ಹತ್ತಿರ "ಇದೊಂದು ಮೀನು ಬದಲಿಸಿಕೊಡು" ಎಂದು ನೋಡಿ. ಇಡೀ ಪಾಲನ್ನು ಬುಟ್ಟಿಗೆ ಎತ್ತಿ, ಒಂದನ್ನು ಬದಲಿಸಿ, ಎಂಟನ್ನೂ ಮತ್ತೆ ಹಚ್ಚಬೇಕು. 63ರಿಂದ ಶುರುವಾದ ಪಾರ್ಟಿಶನ್ನಿನವನು ಇನ್ನೂ ದೊಡ್ಡ ಗಿರಾಕಿ: ಈ ಪಾಲಿನಿಂದ ಒಂದು, ಪಕ್ಕದ ಪಾಲಿನಿಂದ ಏಳು ಕೇಳುವವನು. ಎರಡೂ ಪಾಲು ಎತ್ತಬೇಕು. ಮೀನಿನ ಬಾಯಿ ನಿಮ್ಮ ಏಳು ತಲೆಮಾರನ್ನು ನೆನೆಯುತ್ತಾಳೆ. ಡಿಸ್ಕು ಹಾಗಲ್ಲ, ಒಂದು ಸುತ್ತು ಹೆಚ್ಚು ತಿರುಗಿ, ಓದಿ, ತಿದ್ದಿ, ಬರೆದು, ಸುಮ್ಮನೆ ನಿಧಾನವಾಗುತ್ತದೆ. ಬೈದಿದ್ದರೇ ಎಷ್ಟೋ ಚೆನ್ನಾಗಿತ್ತು. ವಿಂಡೋಸ್ ವಿಸ್ತಾ ಬಂದಮೇಲೆ ಪಾರ್ಟಿಶನ್ನುಗಳು 2048ನೇ ಸೆಕ್ಟರಿನಿಂದ ಶುರುವಾಗಿ ಈ ರಗಳೆ ಮುಗಿಯಿತು. ವಿಸ್ತಾ ಮಾಡಿದ ಒಳ್ಳೆಯ ಕೆಲಸವನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನು ಹೇಳಿದೆ.

ಇಷ್ಟೆಲ್ಲ ನೆನಪಾದದ್ದು ಅಂಕೋಲೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ನಮ್ಮ ಭಾವನಿಂದ. ಸ್ಟುಡಿಯೋದಲ್ಲಿ ಮದುವೆಗಳು ರಾಶಿ ಬಿದ್ದಿದ್ದವು: ಧಾರೆ, ಊಟದ ಪಂಕ್ತಿ, ಪಂಕ್ತಿಯಲ್ಲಿ ಸರಿಯಾಗಿ ಬಾಯಿ ತೆರೆದ ಹೊತ್ತಿಗೆ ಸಿಕ್ಕಿಬಿದ್ದ ದೊಡ್ಡಮ್ಮಂದಿರು, ಈಚೀಚೆಗೆ ಬೇಲೇಕೇರಿ ದಂಡೆಯ ಮೇಲೆ ವಧೂವರರು ಕಾರಣವಿಲ್ಲದೆ ಓಡುವ ದೃಶ್ಯಗಳು. ಇವನ್ನೆಲ್ಲ ಒಂದು ಕಡೆ ಭದ್ರ ಮಾಡಬೇಕೆಂದು ಭಾವ ಒಂದು ಹಳೇ ಸರ್ವರ್, 8 ಟೆರಾಬೈಟಿನ ನಾಲ್ಕು ಹೊಸ ಡಿಸ್ಕು ತರಿಸಿ, ಕಾರವಾರದಲ್ಲಿದ್ದ ನನಗೆ ಫೋನ್ ಮಾಡಿದರು. ಬಿಣಗಾ, ಅರ್ಗಾ, ಅಮದಳ್ಳಿ, ಅವರ್ಸಾ ದಾಟಿ ಬಸ್ಸು ಅಂಕೋಲೆ ಮುಟ್ಟುವಷ್ಟರಲ್ಲಿ ಮತ್ತೆ ಫೋನು: "ಒಂದು ತಾಸಿನ ಕೆಲಸ ಅಲ್ವೋ ಮಾರಾಯಾ?"

ಕೆಲಸವೇನೋ ಒಂದೇ ಸಾಲಿನ ಕಮಾಂಡು. ನಾಲ್ಕು ಡಿಸ್ಕನ್ನು ಒಂದು ಪೂಲ್ ಮಾಡುವ ಜೆಡ್‌ಎಫ್‌ಎಸ್ ಎಂಬ ವ್ಯವಸ್ಥೆ ಇದೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ 2001ರಲ್ಲಿ ಶುರುವಾಗಿ 2005ರಲ್ಲಿ ಓಪನ್ ಸೋಲಾರಿಸ್ ಮೂಲಕ ಹೊರಬಂದದ್ದು. ಅದಕ್ಕೆ ಸೆಕ್ಟರಿನ ಅಳತೆ ತಿಳಿಸುವ ಆ್ಯಶಿಫ್ಟ್ ಎಂಬ ಒಂದು ಅಂಕಿ ಕೊಡಬೇಕು. ಎರಡನ್ನು ಒಂಬತ್ತು ಸಲ ಗುಣಿಸಿದರೆ 512, ಹನ್ನೆರಡು ಸಲ ಗುಣಿಸಿದರೆ 4096. ಆದ್ದರಿಂದ 9 ಅಥವಾ 12. ಏನೂ ಕೊಡದಿದ್ದರೆ ಜೆಡ್‌ಎಫ್‌ಎಸ್ ಡಿಸ್ಕನ್ನೇ ಕೇಳಿ ನಂಬುತ್ತದೆ. ಪೂಲ್ ಒಮ್ಮೆ ಕಟ್ಟಿದಮೇಲೆ ಆ ಡಿಸ್ಕುಗಳ ಮಟ್ಟಿಗೆ ಈ ಅಂಕಿಯನ್ನು ಬ್ರಹ್ಮನೂ ತಿದ್ದಲಾರ. ಎಲ್ಲ ಮದುವೆಗಳನ್ನೂ ಬೇರೆಡೆ ಸಾಗಿಸಿ, ಪೂಲ್ ಒಡೆದು, ಹೊಸದಾಗಿ ಕಟ್ಟಬೇಕು. 9 ಎಂದು ಕಟ್ಟಿದ ಪೂಲಿನಲ್ಲಿ ಒಂದು ಡಿಸ್ಕು ಸತ್ತು, ಅದರ ಜಾಗಕ್ಕೆ 4096 ಬಿಟ್ಟು ಬೇರೆ ಮಾತಾಡದ ಹೊಸ ಡಿಸ್ಕು ತಂದರೆ ಪೂಲು ಅದನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. 12 ಎಂದು ಕಟ್ಟಿದ್ದಕ್ಕೆ ಹಳೆಯ 512ರ ಡಿಸ್ಕೂ ಆದೀತು.

ಡಿಸ್ಕುಗಳನ್ನು ವಿಚಾರಿಸಿದೆ. ಸಜ್ಜನರು. "ವ್ಯವಹಾರಕ್ಕೆ 512, ನಿಜಕ್ಕೆ 4096" ಎಂದು ಎರಡೂ ಅಂಕಿ ಒಪ್ಪಿಸಿದವು. ಎಲ್ಲವೂ ಹೀಗಿರುವುದಿಲ್ಲ. ಕೆಲವು ಎರಡು ಪ್ರಶ್ನೆಗೂ 512 ಎಂದೇ ಸಾಧಿಸುತ್ತವೆ. ಇಂಥ ಸುಳ್ಳುಗಾರ ಡಿಸ್ಕುಗಳ ಮಾಡೆಲ್ ನಂಬರುಗಳ ಒಂದು ಪಟ್ಟಿಯೇ ಓಪನ್ ಜೆಡ್‌ಎಫ್‌ಎಸ್‌ನ ಮೂಲ ಕೋಡಿನೊಳಗಿದೆ, ಪೊಲೀಸ್ ಠಾಣೆಯ ರೌಡಿ ಪಟ್ಟಿಯಂತೆ. ಆ್ಯಶಿಫ್ಟ್ ಕೊಡುವ ಸೌಕರ್ಯವೇ ಇಲ್ಲದಿದ್ದ ಕಾಲದಲ್ಲಿ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ಮಿನವರು ಮಾಡಿದ್ದು ಇನ್ನೂ ಸೊಗಸು. ನಿಜವಾದ ಡಿಸ್ಕಿನ ಮುಂದೆ ಜಿನಾಪ್ ಎಂಬ ಉಪಾಯದಿಂದ ಒಂದು ಬೊಂಬೆ ಡಿಸ್ಕು ನಿಲ್ಲಿಸುವುದು. ಬೊಂಬೆ "ನಾನು 4096" ಎನ್ನುತ್ತದೆ. ಜೆಡ್‌ಎಫ್‌ಎಸ್ ನಂಬಿ ಪೂಲ್ ಕಟ್ಟುತ್ತದೆ. ಆಮೇಲೆ ಬೊಂಬೆಯನ್ನು ಕಿತ್ತೆಸೆಯುವುದು. ಅಸಲಿ ಡಿಸ್ಕು ಹೇಳುವ ಸುಳ್ಳನ್ನು ನಕಲಿ ಡಿಸ್ಕು ಹೇಳುವ ನಿಜದಿಂದ ಗೆದ್ದ ಈ ಪ್ರಸಂಗವನ್ನು ಯಾವ ಮೇಳವೂ ಇನ್ನೂ ಆಡಿಲ್ಲ.

ಇದನ್ನೆಲ್ಲ ನಾನು ಭಾವನಿಗೆ ವಿವರಿಸುತ್ತಿದ್ದಾಗ ಅಕ್ಕ ಕರಿ ಇಶಾಡು ಹೆಚ್ಚಿ ತಂದಳು. 2023ರಲ್ಲಿ ಜಿಐ ಮಾನ್ಯತೆ ಪಡೆದ ಅಂಕೋಲೆಯ ಈ ಮಾವಿನ ಮುಂದೆ ಯಾವ ತಂತ್ರಜ್ಞಾನವೂ ಹತ್ತು ನಿಮಿಷ ಕಾಯಬೇಕು. "ತಮಾ, ಕೈ ತೊಳೆದೇ ಕೀಬೋರ್ಡ್ ಮುಟ್ಟು" ಎಂದು ಹೇಳಿ ಹೋದಳು. ಅಂದು ನಡೆದ ಮಾತಿನಲ್ಲಿ ಭಾವ ಪೂರ್ತಿ ತಲೆಯಾಡಿಸಿದ್ದು ಇದಕ್ಕೊಂದೇ.

12 ಎಂದು ಕುಟ್ಟಿದೆ. ಪೂಲ್ ಎದ್ದಿತು. ಮೊದಲ ಕಮಾಂಡು 29.1 ಎಂದು ತೋರಿಸಿತು. ಭಾವ ಜೇಬಿನಿಂದ ಬಿಲ್ಲು ತೆಗೆದರು. "ಇಲ್ಲಿ ನಾಲ್ಕೆಂಟಲ 32 ಅಂತ ಇದೆಯಲ್ಲೋ."

"ಅಂಗಡಿಯವರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ ಭಾವ, ಕಂಪ್ಯೂಟರು 1024ರ ಲೆಕ್ಕದಲ್ಲಿ."

ಎರಡನೇ ಕಮಾಂಡು, ತುಂಬಲು ಸಿಗುವ ಜಾಗ 21 ಎಂದಿತು. ಒಂದು ಡಿಸ್ಕು ಸತ್ತರೂ ಮದುವೆಗಳು ಉಳಿಯಲೆಂದು ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ ಹೋಗುತ್ತದೆ ಎಂದೆ. ಭಾವ ಕ್ಯಾಲ್ಕುಲೇಟರ್ ತೆಗೆದರು. "29.1ರ ಮುಕ್ಕಾಲು ಅಂದ್ರೆ 21.8. ಉಳಿದದ್ದು ಎಲ್ಲಿ ಹೋಯ್ತು?"

ಈಗ ನಾನು ಹೇಳಲೇಬೇಕಾಯಿತು. 128 ಕಿಲೋಬೈಟಿನ ಒಂದು ಗಂಟನ್ನು 4096ರ ತುಂಡು ಮಾಡಿದರೆ 32 ತುಂಡು. ಅದಕ್ಕೆ 11 ಪ್ಯಾರಿಟಿ. ಒಟ್ಟು 43. ಒಂಟಿ ಪ್ಯಾರಿಟಿಯ ಪೂಲಿಗೆ ಬೆಸ ಸಂಖ್ಯೆ ಆಗಿಬರುವುದಿಲ್ಲ, ಇನ್ನೊಂದು ಖಾಲಿ ತುಂಡು ಸೇರಿಸಿ 44 ಮಾಡಿಕೊಳ್ಳುತ್ತದೆ. ಗಂಟನ್ನು ದೊಡ್ಡದು ಮಾಡಿದರೆ ನಷ್ಟ ಬಹುಪಾಲು ಕರಗುತ್ತದೆ, ವಿಡಿಯೋಗಳಿಗೆ ಅದೇ ಸರಿ ಎಂದೂ ಹೇಳಿದೆ. ಅಷ್ಟರಲ್ಲಿ ಅವರ ಕಿವಿ ಮುಚ್ಚಿತ್ತು.

"ಅಂದ್ರೆ ನೀನು 12 ಅಂತ ಹಾಕಿದ್ದಕ್ಕೇ ಹೋಯ್ತು. 9 ಹಾಕಿದ್ರೆ?"

"ಅರ್ಧ ಟೆರಾಬೈಟ್ ಹೆಚ್ಚು ಸಿಗ್ತಿತ್ತು. ಆದರೆ ಬರೆಯೋದು ನಿಧಾನ, ನಾಳೆ ಡಿಸ್ಕು ಬದಲಿಸೋದು ಕಷ್ಟ."

ಭಾವ ಸ್ವಲ್ಪ ಹೊತ್ತು ಡಿಸ್ಕುಗಳ ಹಸಿರು ದೀಪ ನೋಡಿದರು. "ಮೇಲೆ ಎಷ್ಟರವರೆಗೆ ಹಾಕ್ಲಿಕ್ಕೆ ಬರ್ತದೆ?"

"16."

"16 ಹಾಕಿದ್ರೆ ಎಷ್ಟು ಸಿಗ್ತದೆ?"

"14 ಚಿಲ್ಲರೆ."

"ಬೇಡ, ಬೇಡ," ಎಂದರು ಭಾವ ತಟ್ಟನೆ. "16 ಎಲ್ಲ ಆಗೋದಿಲ್ಲ. 12ಕ್ಕೇ ಮುಗಿಸು." ಚೌಕಾಶಿಯಲ್ಲಿ ನನ್ನನ್ನು ನಾಲ್ಕು ಇಳಿಸಿದ ಸಮಾಧಾನದಿಂದ ಬಿಲ್ಲನ್ನು ಮಡಚಿ ಜೇಬಿಗೆ ಹಾಕಿಕೊಂಡರು.