ಕುರಿ ಅಟ್ಟಿಕೊಂಡು ಹೋದ ಬಾದಶಹ

ಏನ್ ಮೇಷ್ಟ್ರೇ, ಪೇಪರ್ ಮುಗೀತಾ? ಹಾಗಾದ್ರೆ ಇಲ್ಲಿ ಕೇಳಿ. ಬಾಬರ್ ತಾನೇ ಬರೆದ ತನ್ನ ಕಥೆ, ಬಾಬರ್‌ನಾಮಾ ಹಿಡ್ಕೊಂಡಿದೀನಿ. ಪಾಣಿಪತ್ ಇನ್ನೂ ದೂರ ಇದೆ, ಕಾಬೂಲಿನಲ್ಲೇ ಸಿಕ್ಕಿಹಾಕ್ಕೊಂಡಿದೀನಿ. ಅಲ್ಲಿ ಹಜಾರಾ ಅಂತ ಬೆಟ್ಟದ ಜನ ಬರ್ತಾರೆ ನೋಡಿ, ಅವರನ್ನ ಬಿಟ್ಟು ಮುಂದಕ್ಕೆ ಹೋಗೋಕೇ ಮನಸ್ಸಿಲ್ಲ.

1504ರಲ್ಲಿ ಕಾಬೂಲು ಕೈಗೆ ಬಂತಲ್ಲ, ಕುದುರೆ ಕುರಿ ತಂದೊಪ್ಪಿಸಿ ಅಂತ ಇವರಿಗೆ ಬಾಬರನ ಅಪ್ಪಣೆ ಆಯ್ತು. ಕೊಡಲ್ಲ ಅಂದ್ರು. ಗಜನಿ ದಾರೀಲಿ ದೋಚ್ತಾರೆ ಅನ್ನೋ ದೂರು ಬೇರೆ ಇತ್ತು. ಸರಿ, ದಂಡು ಹೊರಟಿತು. ಅವರಲ್ಲಿ ಕೆಲವರು ಮಂಗೋಲ್ ಭಾಷೆ ಆಡ್ತಾರೆ ಅಂತ ಒಂದು ಮಾತು ಬರೀತಾನೆ, ಅಷ್ಟೇ. ಹಣ್ಣು, ಹಕ್ಕಿ, ಹೂವಿಗೆಲ್ಲ ಪುಟಗಟ್ಟಲೆ ಬರೆಯೋ ಮನುಷ್ಯ ಸ್ವಾಮಿ ಅವನು!

1506ರ ಕೊನೇಲಿ ಹೆರಾತ್‌ನಿಂದ ಕಾಬೂಲಿಗೆ ಬೆಟ್ಟ ಹತ್ತಿ ಬರ್ತಾನೆ. ಎದೆಮಟ್ಟ ಹಿಮ. ಹತ್ತು ಹದಿನೈದು ಜನ ಸರದಿ ಮೇಲೆ ತುಳಿದು ದಾರಿ ಮಾಡ್ಬೇಕು. ಜೊತೆಯವರು ಹೊರಗೇ ಒದ್ದಾಡುವಾಗ ತಾನೊಬ್ಬ ಗವಿ ಸೇರೋದು ಸರಿಯಲ್ಲ ಅಂತ ಹಿಮದಲ್ಲೇ ಗುಂಡಿ ತೋಡಿ ಕೂತ. ತಲೆ, ಬೆನ್ನ ಮೇಲೆ ನಾಲ್ಕು ಬೆರಳು ಹಿಮ. ಓದ್ತಾ ಓದ್ತಾ ಭಲೇ ಅಂದೆ. ಅಲ್ಲಿಂದಿಳಿದವನೇ ಮಾಡಿದ್ದೇನು ಗೊತ್ತಾ? ಹೆಂಡ್ತಿ ಮಕ್ಕಳ ಸಮೇತ ಚಳಿಗಾಲಕ್ಕೆ ಬೀಡುಬಿಟ್ಟಿದ್ದ ಹಜಾರಾಗಳ ಮೇಲೆ ಬಿದ್ದ. ಒಂದಿಷ್ಟು ಕುರಿಗಳನ್ನ ತಾನೇ ಒಟ್ಟುಮಾಡಿ ಒಬ್ಬನ ವಶಕ್ಕೆ ಕೊಟ್ಟು ಮುಂದಕ್ಕೆ ಹೋದೆ ಅಂತ ಅವನೇ ಬರೀತಾನೆ. ಸಿಕ್ಕಿಬಿದ್ದ ಹದಿನಾಲ್ಕು ಹದಿನೈದು ಹಜಾರಾಗಳು ಮಾತ್ರ ಕಳ್ಳರು! ಅವರನ್ನ ಚಿತ್ರಹಿಂಸೆ ಕೊಟ್ಟು ಕೊಲ್ಲೋದು ಅಂತಿತ್ತು. ಬಾಬರನ ಸರದಾರ ಖಾಸಿಂ ಬೇಗ್ ಕನಿಕರಪಟ್ಟು ದಾರೀಲೇ ಬಿಟ್ಟುಬಿಟ್ಟ. ಅದಕ್ಕೆ ಬಾಬರನ ಗೊಣಗಾಟ ನೋಡ್ಬೇಕು ನೀವು. ನನಗಂತೂ ಆ ಖಾಸಿಂ ಬೇಗನೇ ದೊಡ್ಡೋನಾಗಿ ಕಂಡ.

“ಅವರ ಕಡೆಯವರು ಯಾರೂ ಬರೀಲಿಲ್ವೇನ್ರೀ?”

ಬರೆದ್ರು ಮೇಷ್ಟ್ರೇ, ನಾನೂರು ವರ್ಷ ಆದ್ಮೇಲೆ. ಫೈಜ್ ಮುಹಮ್ಮದ್ ಕಾತಿಬ್ ಅಂತ, ಹಜಾರಾನೇ. ಆದ್ರೆ ಬರೆದದ್ದು ಅಫ್ಘಾನಿಸ್ತಾನದ ಅಮೀರ್ ಹಬೀಬುಲ್ಲಾನ ಆಸ್ಥಾನದಲ್ಲಿ. ಆ ಅಮೀರನ ಅಪ್ಪ ಅಬ್ದುರ್ ರಹಮಾನನೇ 1890ರ ದಶಕದಲ್ಲಿ ಹಜಾರಾಗಳನ್ನ ಬಗ್ಗುಬಡಿದು, ನೆಲ ಕಿತ್ಕೊಂಡು, ಎಷ್ಟೋ ಜನರನ್ನ ಗುಲಾಮರಾಗಿ ಮಾರಿಸಿದ್ದು. ಮಗನ ಸಂಬಳದಲ್ಲಿ ಅಪ್ಪನ ಕಾಲದ ಲೆಕ್ಕ ಬರೀಬೇಕು, ಅದೂ ತನ್ನವರದ್ದು. ಕಾತಿಬ್ ಬರೆದ ಆ ಇತಿಹಾಸದ ಸಂಪುಟಗಳು ಇಂಗ್ಲಿಷಿಗೆ ಬಂದಿವೆ. ನಿಮ್ಮ ಮಗನಿಗೆ ಬೆಂಗಳೂರಿನ ಯಾವುದಾದ್ರೂ ಲೈಬ್ರರೀಲಿ ವಿಚಾರಿಸೋಕೆ ಹೇಳಿ ಸ್ವಲ್ಪ; ಸಿಕ್ಕರೆ ಮೊದಲು ನೀವೇ ಓದಿ.