ಮುಂಬಯಿಯಲ್ಲಿ 'ನಮ್ಮವರು' ಆಗುವ ವಿಧಾನ: ಬಳಕೆದಾರರ ಕೈಪಿಡಿ

ಯಾರಿಗಾಗಿ: ಮತ್ಸ್ಯಗಂಧ ರೈಲಿನಲ್ಲಿ ಬಂದು ಕುರ್ಲಾದಲ್ಲಿ ಇಳಿದು, ಕೆಲಸ ಹಿಡಿದು, ಬಾಡಿಗೆ ಕೋಣೆಯನ್ನೂ ಹುಡುಕಿಕೊಂಡು, ಭಾನುವಾರ ಮಾತ್ರ ಎಲ್ಲಿಗೆ ಹೋಗುವುದೆಂದು ತಿಳಿಯದ ಕರಾವಳಿಯವರಿಗೆ.

ಬೇಕಾಗುವ ಸಾಮಗ್ರಿ: ಲೋಕಲ್ ರೈಲಿನ ಪಾಸು, ಒಂದು ಊರು, ಒಬ್ಬ ಸೋದರಮಾವ. ಮಾವ ಬದುಕಿರಲೇಬೇಕೆಂದಿಲ್ಲ, ನಾಲ್ಕು ಜನರಿಗೆ ಪರಿಚಯವಿದ್ದರೆ ಸಾಕು.

ಹಂತ 1: ಮಾಟುಂಗದಲ್ಲಿ ಇಳಿಯಿರಿ. (ಮಾಟುಂಗ ರೋಡ್ ಬೇರೆ, ಅದು ಪಶ್ಚಿಮ ರೈಲ್ವೆಯದು.) ನಿಲ್ದಾಣದ ಮಗ್ಗುಲಲ್ಲೇ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಬೋರ್ಡಿಂಗಿನಲ್ಲಿ ಬಾಳೆಲೆ ಊಟ ಮಾಡಿ. ಹೊಟ್ಟೆ ತುಂಬಿತೆಂದು ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಪಕ್ಕದ ಗುಜರಾತಿ ಸೇಠರಿಗೂ ಅದೇ ಸಾರು ಬಡಿಸಿದ್ದಾರೆ.

ಹಂತ 2: ಒಂದು ಸಂಘ ಆರಿಸಿ. 1926ರ ಮೈಸೂರು ಅಸೋಸಿಯೇಷನ್ ಅಲ್ಲೇ ಮಾಟುಂಗದಲ್ಲಿದೆ. ಜಾತಿಗೊಂದು ಸಂಘವಂತೂ ಹುಡುಕದೆಯೇ ಸಿಗುತ್ತದೆ. ಜಾತಿ ಕೇಳದ್ದು ಬೇಕೆಂದರೆ ನಾಲ್ಕು ಹೆಜ್ಜೆ ಹೆಚ್ಚು ನಡೆಯಿರಿ.

ಹಂತ 3: "ಊರಲ್ಲಿ ಎಲ್ಲಿ ಮಾರಾಯ್ರೆ?" ಎಂದಾಗ 'ಉಡುಪಿ' ಎಂದು ನಿಲ್ಲಿಸಬೇಡಿ. ಯಾವ ಗ್ರಾಮ, ದೈವಸ್ಥಾನದ ಆಚೆಯೋ ಈಚೆಯೋ, ಯಾರ ಮನೆ ಎಂಬಲ್ಲಿಗೆ ವಿಚಾರಣೆ ಮುಟ್ಟುತ್ತದೆ. ಆಗ ಮಾವನನ್ನು ಹೊರತೆಗೆಯಿರಿ.

ಹಂತ 4: ಪತ್ತನಾಜೆಗೆ, ಅಂದರೆ ಮೇಳಗಳ ತಿರುಗಾಟ ಮುಗಿಯುವ ದಿನ, ಊರಲ್ಲಿ ಗೆಜ್ಜೆ ಬಿಚ್ಚಿದ ಯಕ್ಷಗಾನ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬರುತ್ತಾರೆ. ಆಟಕ್ಕೆ ಹೋಗಿ. ಆದರೆ ಮುಂದಿನ ಸಾಲಿನಲ್ಲಿ ಕೂರದೆ, ಹಿಂದೆ ಚಹಾ ಹಂಚುವವರ ಹತ್ತಿರ ನಿಲ್ಲಿ. ಯಾರೋ ಕೈಗೆ ಟ್ರೇ ಕೊಡುತ್ತಾರೆ. ಹೆಸರು ಕೇಳಿರುವುದಿಲ್ಲ. ಹಿಡಿದುಕೊಳ್ಳಿ. ಕೈಪಿಡಿಯಲ್ಲಿ ಮುಖ್ಯವಾದದ್ದು ಇದೊಂದೇ: ಹೂ ಕೊಟ್ಟು ಕೂರಿಸಿದರೆ ನೀವು ಅತಿಥಿ, ಕೆಲಸ ಹೇಳಿದರೆ ಮನೆಯವರು.

ದೋಷ ಮತ್ತು ಪರಿಹಾರ:

ಎಷ್ಟು ಸಲ ಹೋದರೂ ಯಾರೂ ಮಾತಾಡಿಸುವುದಿಲ್ಲ: ಕಾರ್ಯಕ್ರಮ ಮುಗಿದೊಡನೆ ಹೊರಡಬೇಡಿ. ಕುರ್ಚಿ ಮಡಚಿಡಿ.

ಒಂದು ಸಲ ತಪ್ಪಿಸಿದ್ದಕ್ಕೆ ಬೈದರು: ಇದು ದೋಷವಲ್ಲ. ಯಂತ್ರ ಸರಿಯಾಗಿ ಓಡುತ್ತಿದೆ.

ಖಜಾಂಚಿ ಮಾಡಿದರು: ಪರಿಹಾರವಿಲ್ಲ.

ಅಡ್ಡ ಪರಿಣಾಮ: ಎಲ್ಲ ಹಂತಗಳನ್ನೂ ಚಾಚೂ ತಪ್ಪದೆ ಪಾಲಿಸಿದವರು ರಜೆಗೆ ಊರಿಗೆ ಹೋದರೆ, ಅಂಗಳಕ್ಕೆ ಕಾಲಿಡುವ ಮೊದಲೇ ಪಕ್ಕದ ಮನೆಯವರು ಕೇಳುತ್ತಾರೆ: "ಯಾವಾಗ ಬಂದದ್ದು? ವಾಪಸ್ ಯಾವಾಗ?" ಈ ಬಗೆಯ ದೂರುಗಳನ್ನು ಸ್ವೀಕರಿಸಲಾಗುವುದಿಲ್ಲ.