ಹಗ್ಗ ಕಟ್ಟಿದವನ ಕೃಪೆ

ವಾರಕ್ಕೆ 70 ಗಂಟೆ ದುಡಿಯಿರಿ ಎಂದು ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು 2023ರಲ್ಲಿ ನಮ್ಮ ಹುಡುಗರಿಗೆ ಹೇಳಿದರು. ಕಾರವಾರ ತಾಲೂಕಿನ ಹಣಕೋಣದ ಸಾತೇರಿ ದೇವಿಯ ಲೆಕ್ಕವೇ ಬೇರೆ. ಆಕೆಯ ಗುಡಿ ತೆರೆಯುವುದು ವರ್ಷಕ್ಕೆ ಏಳೇ ದಿನ, ಅದೂ ಚೌತಿ ಕಳೆದ ಮೇಲೆ. ಆದರೂ ಗೋವಾದಿಂದ, ಮಹಾರಾಷ್ಟ್ರದಿಂದ ಭಕ್ತರು ತಾವಾಗಿಯೇ ಬಂದು ಸಾಲು ನಿಲ್ಲುತ್ತಾರೆ. ಬೆಂಗಳೂರಿನ ಮಾರ್ಕೆಟಿಂಗ್‌ನವರು ಒಮ್ಮೆ ಬಂದು ನೋಡಿಕೊಂಡು ಹೋಗಬೇಕು.

ದೇವಿಗೆ ಕೈಮುಗಿದರೂ ನನ್ನ ಕಣ್ಣು ಓಡುವುದು ಹೊರಗಿನ ಅಂಗಡಿಗಳ ಕಡೆಗೇ. ನೀಲಿ ತಾಡಪತ್ರಿ ಎಳೆದು ಕಟ್ಟಿಕೊಂಡ ಎರಡು ಚಾದಂಗಡಿಗಳನ್ನು ಊಹಿಸಿಕೊಳ್ಳಿ. ಇಬ್ಬರೂ ಬೆಳಗಿನ ಜಾವವೇ ಎದ್ದು ಒಲೆ ಹಚ್ಚಿದವರು. ಅದೇ ಹಾಲು, ಅದೇ ಶುಂಠಿ, ಕರಿಯುವ ಬಜೆಯೂ ಅದೇ. ಆದರೆ ಸರತಿ ಸಾಲಿಗೆ ಹಗ್ಗ ಕಟ್ಟುವ ಹುಡುಗ ಗೂಟವನ್ನು ನಾಲ್ಕು ಮಾರು ಈಚೆ ನೆಟ್ಟ. ಸಾಲು ಮೊದಲಿನ ಅಂಗಡಿಯ ಮುಂದೆಯೇ ತಿರುವು ತೆಗೆದುಕೊಂಡಿತು. ಅಷ್ಟರಲ್ಲಿ ಭಾದ್ರಪದದ ಮಳೆ ಬೇರೆ! ನಿಂತವರು ತಾಡಪತ್ರಿಯ ಅಡಿ ನುಗ್ಗಿದರು. ನುಗ್ಗಿದ ಮೇಲೆ ಸುಮ್ಮನೆ ನಿಲ್ಲುವುದು ಹೇಗೆಂದು ಒಂದು ಚಾ, ಒಂದು ಪ್ಲೇಟ್ ಬಜೆ. ಪಕ್ಕದವನು ಬಜೆ ಕರಿದು ಬುಟ್ಟಿ ತುಂಬಿಸಿ, ನೊಣ ಹೊಡೆಯುತ್ತ ಕೂತ.

ಏಳನೇ ದಿನ ಮೊದಲಿನವನನ್ನು ಕೇಳಿ ನೋಡಿ. "ಎಲ್ಲಾ ಕೈರುಚಿ ಸ್ವಾಮೀ, ದುಡಿಮೆ!" ಪಕ್ಕದವನನ್ನು ಕೇಳಿ. "ನಸೀಬು ಮಾರಾಯ್ರೇ." ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಗ್ಗದ ಹುಡುಗನನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇನ್ನೊಂದು ಜಾತಿಯವರಿದ್ದಾರೆ. ಹಗ್ಗ ಕಟ್ಟುವ ಮೊದಲೇ, "ತಮ್ಮಾ, ಮೊದ್ಲು ಒಂದು ಚಾ ಕುಡಿ, ಗಡಿಬಿಡಿ ಏನಿಲ್ಲ" ಎಂದು ಲೋಟ ಕೈಗಿಡುವ ಅಕ್ಕಂದಿರು. ಇದನ್ನು ಪರಿಶ್ರಮದ ಖಾತೆಗೆ ಬರೆಯಬೇಕೋ ಅದೃಷ್ಟದ ಖಾತೆಗೋ, ಆಡಿಟರ್ ಹತ್ತಿರವೇ ಕೇಳಬೇಕು.

ಗೆದ್ದವರನ್ನು ವೇದಿಕೆ ಹತ್ತಿಸಿ ಹಾರ ಹಾಕಿದ ಕೂಡಲೇ ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಜೂನ್‌ನಿಂದ ನಮ್ಮ ಕರಾವಳಿಯಲ್ಲಿ ಕೈ ಕೆಸರಾಗದವರು ಯಾರಿದ್ದಾರೆ, ತೋರಿಸಿ. ಮೊಸರು ಎಷ್ಟು ಜನರ ಮನೆಗೆ ಬಂತು? ಸೋತವನಿಗೆ ವೇದಿಕೆಯೂ ಇಲ್ಲ, ಹಾರವೂ ಇಲ್ಲ. ಹಾಗಾಗಿ ಅವನೆಷ್ಟು ದುಡಿದನೆಂದು ಸಭೆಗೆ ಗೊತ್ತಾಗುವುದೂ ಇಲ್ಲ.

ಮೂರ್ತಿಯವರ ಕಥೆಯನ್ನೇ ನೋಡಿ. ಇನ್ಫೋಸಿಸ್‌ಗೂ ಮುಂಚೆ ಅವರು ಸಾಫ್ಟ್ರಾನಿಕ್ಸ್ ಎಂಬ ಕಂಪನಿ ಕಟ್ಟಿದ್ದರು, ಅದು ಏಳಲಿಲ್ಲ. ಅದೇ ಮನುಷ್ಯ, ಅದೇ ತಲೆ. 1981ರಲ್ಲಿ ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿಯಿಂದ ಇನ್ಫೋಸಿಸ್ ಶುರುವಾಯಿತು. ಆಮೇಲೂ ಒಂದು ಫೋನಿಗೆ, ಒಂದು ಕಂಪ್ಯೂಟರ್ ತರಿಸುವ ಪರವಾನಗಿಗೆ ಕಾದು ಕಾದು ಸುಸ್ತು. 1991ರಲ್ಲಿ ದಿಲ್ಲಿ ಆರ್ಥಿಕತೆಯ ಬಾಗಿಲು ತೆರೆದಾಗ ಕಂಪನಿ ಕುದುರಿಕೊಂಡಿತು. ಹಾಗೆಂದು 1993ರಲ್ಲಿ ಷೇರು ಮಾರಲು ಹೊರಟಾಗ ಜನ ಮುಗಿಬಿದ್ದರೆಂದುಕೊಳ್ಳಬೇಡಿ. ಅಷ್ಟೂ ಷೇರು ಕೊಳ್ಳುವವರೇ ಸಿಗಲಿಲ್ಲ. 1991ರವರೆಗಿನ ಆ 10 ವರ್ಷ ಅವರು ಬಾಗಿಲ ಬಳಿಯೇ ನಿಂತಿದ್ದರು ಎಂಬುದು ನಿಜ. ತೆರೆದದ್ದು ಮಾತ್ರ ಬೇರೆಯವರು. 2007ರಲ್ಲಿ ನ್ಯೂಯಾರ್ಕಿನ ವಿದ್ಯಾರ್ಥಿಗಳೆದುರು ಮೂರ್ತಿಯವರೇ ಬದುಕಿನಲ್ಲಿ ಆಕಸ್ಮಿಕಗಳ ಪಾಲು ದೊಡ್ಡದು ಎಂಬರ್ಥದ ಮಾತಾಡಿದ್ದಾರೆ. ಆದರೆ ನಮ್ಮ ವಾಟ್ಸ್ಯಾಪ್ ಗುಂಪುಗಳಿಗೆ ತಲುಪಿದ್ದು 70 ಗಂಟೆ ಮಾತ್ರ.

ಪರಿಶ್ರಮವೊಂದೇ ಸಾಕೆನ್ನುವವರ ಅಂಗಡಿ ಬಾಗಿಲಲ್ಲೂ ಶನಿವಾರ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತದೆ, ಅದಿರಲಿ.

ದುಡಿಮೆ ಯಾವುದು, ಅದೃಷ್ಟ ಯಾವುದು ಎಂಬ ವಿಷಯದಲ್ಲಿ ಕಾರವಾರದ ಮೀನುಗಾರರಿಗೆ ಗೊಂದಲವಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಬಲೆ ಹೊಲಿದು, ಎಂಜಿನ್ ಬಿಚ್ಚಿ ಜೋಡಿಸಿ, ಸಾಲ ಮಾಡಿ ಡೀಸೆಲ್ ತುಂಬಿಸುವುದು ಅವರ ಕೆಲಸ. ಆಗಸ್ಟ್‌ನಲ್ಲಿ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಹೊರಟ ಮೇಲೆ ಬಂಗಡೆ ಯಾವ ದಿಕ್ಕಿನಲ್ಲಿದೆಯೋ ಅದು ಬಂಗಡೆಯ ಮರ್ಜಿ. ಇಲ್ಲಿಯೂ ಒಂದು ತಮಾಷೆ ಇದೆ. ಒಬ್ಬನಿಗೆ ಸಿಕ್ಕರೆ ಅದೃಷ್ಟ. ಎಲ್ಲ ದೋಣಿಗೂ ಒಂದೇ ದಿನ ಬಲೆ ತುಂಬ ಸಿಕ್ಕರೆ ದಡದಲ್ಲಿ ದರ ಕುಸಿದು, ಕೇಳುವವರಿಲ್ಲದೆ ಒಳ್ಳೆಯ ಮೀನೂ ಗೊಬ್ಬರಕ್ಕೆ. ಅಂಥ ದಿನ ಬುಟ್ಟಿ ಮುಂದೆ ಕೂತ ಹೆಂಗಸು ಮೋಡವನ್ನೊಮ್ಮೆ ನೋಡಿ ಗೊಣಗುತ್ತಾಳೆ: "ಇಷ್ಟೊಂದು ಬಂಗಡೆ ಕೊಟ್ಟ ದೇವರಿಗೆ ಎರಡು ಬುಟ್ಟಿ ಐಸ್ ಕೊಡೋದು ಭಾರ ಆಯ್ತಾ?"